ಅಳತೆಯಕ್ಕನ ಬಲ ಹೆಗಲು

ಅಳತೆಯಕ್ಕನ ಕೆಲಸವೆಂದರೆ ನಿಂತುಕೊಳ್ಳುವುದು. ‘ಅದೂ ಒಂದು ಕೆಲಸವೇ?’ ಎಂದು ಮೂಗು ಮುರಿಯುವವರಿದ್ದಾರೆ. ಮುರಿಯಲಿ ಪಾಪ. ಬೆಳಿಗ್ಗೆಯಿಂದ ಸಂಜೆಯವರೆಗೆ ಎರಡೂ ಕೈ ಪಕ್ಕಕ್ಕೆ ಚಾಚಿ, ಉಸಿರು ಬಿಗಿಹಿಡಿದು, ಮೈತುಂಬ ಗುಂಡುಸೂಜಿ ಸಿಕ್ಕಿಸಿಕೊಂಡು ಒಂದು ದಿನ ಅಲ್ಲಾಡದೆ ನಿಂತು ನೋಡಲಿ. ಮೂಗು ಮುರಿಯುವುದಿರಲಿ, ಅದನ್ನು ತುರಿಸಿಕೊಳ್ಳುವುದಕ್ಕೂ ಮಾಸ್ಟರ ಅಪ್ಪಣೆ ಬೇಕು.

ಅದು ಸಿದ್ಧ ಉಡುಪಿನ ಕಾರ್ಖಾನೆ. ಕೆಳಗೆ ಸಾಲುಸಾಲಾಗಿ ಹೊಲಿಗೆ ಮಷೀನುಗಳು, ಮಹಡಿಯ ಮೇಲೆ ಸ್ಯಾಂಪಲ್ ಕೋಣೆ. ಹೊಸ ಬಗೆಯ ಅಂಗಿಯನ್ನು ರಾಶಿರಾಶಿಯಾಗಿ ಹೊಲಿಯುವ ಮುಂಚೆ ಒಂದನ್ನು ಹೊಲಿದು, ಒಬ್ಬ ಹೆಂಗಸಿಗೆ ತೊಡಿಸಿ, ಎಲ್ಲಿ ಬಿಗಿ, ಎಲ್ಲಿ ಸಡಿಲ, ಎಲ್ಲಿ ಸುಕ್ಕು ಎಂದು ನೋಡಿ ತಿದ್ದುತ್ತಾರೆ. ಆ ಹೆಂಗಸೇ ಅಳತೆಯಕ್ಕ. ಮದುವೆಯಾದ ಹೊಸತರಲ್ಲಿ ಬಟ್ಟೆಯ ಎಳೆದಾರ ಕತ್ತರಿಸುವ ಕೆಲಸಕ್ಕೆಂದು ಸೇರಿದವಳನ್ನು ಕಟಿಂಗ್ ಮಾಸ್ಟರು ಮೆಟ್ಟಿಲ ಹತ್ತಿರ ಕಂಡು, ‘ಈ ಹುಡುಗೀನ ಮೇಲಕ್ಕೆ ಕಳಿಸಿ’ ಎಂದಿದ್ದರು. ಅಂದು ಹತ್ತಿದವಳು ಮತ್ತೆ ಇಳಿದಿಲ್ಲ. ಕಾರ್ಖಾನೆಗೆ ಹೆಸರು ತಂದುಕೊಟ್ಟದ್ದು ‘ಸ್ಲಿಮ್’ ಎಂಬ ಹೆಂಗಸರ ಅಂಗಿ. ಅಂಗಡಿ ಅಂಗಡಿಗಳಲ್ಲಿ ತೂಗುತ್ತಿರುವ ಆ ಅಂಗಿಗಳೆಲ್ಲ ಮೊದಲು ಕೂತದ್ದು ಅವಳ ಮೈಮೇಲೆ. ಅಂಗಿಯಾದರೂ ಕೂತಿತು, ಅವಳು ಮಾತ್ರ ಕೂರಲಿಲ್ಲ.

ಸ್ಯಾಂಪಲ್ ಕೋಣೆಯಲ್ಲಿ ಒಂದು ಕಟ್ಟಳೆಯಿತ್ತು. ಅಂಗಿ ಮೈಮೇಲಿರುವಾಗ ಕೂರಬಾರದು, ಸುಕ್ಕು ಬೀಳುತ್ತದೆ. ಅಳತೆ ಮುಗಿಯುವ ತನಕ ಉಣ್ಣಬಾರದು, ಹೊಟ್ಟೆ ಮುಂದೆ ಬರುತ್ತದೆ. ಊಟದ ಗಂಟೆ ಹೊಡೆದ ಕೂಡಲೇ ಕೆಳಗಿನವರೆಲ್ಲ ಡಬ್ಬಿ ಬಿಚ್ಚುತ್ತಾರೆ. ನಗು, ಮಾತು, ಒಗ್ಗರಣೆಯ ವಾಸನೆ ಎಲ್ಲ ಒಟ್ಟಿಗೇ ಮೆಟ್ಟಿಲೇರಿ ಬರುತ್ತವೆ. ಅಳತೆಯಕ್ಕನ ಹೊಟ್ಟೆ ತಾಳ ಹಾಕುತ್ತಿದ್ದರೂ ಕೈ ಚಾಚಿಯೇ ಇರುತ್ತದೆ. ಅವಳು ಡಬ್ಬಿ ಬಿಚ್ಚುವ ಹೊತ್ತಿಗೆ ಉಳಿದವರು ಸಂಜೆಯ ಟೀಗೆ ಲೋಟ ತೊಳೆಯುತ್ತಿರುತ್ತಾರೆ. ಸೇರಿದ ವಾರವೇ ಮಾಸ್ಟರು ಕೇಳಿದ್ದರು, ‘ಹಸಿವಾಗುತ್ತೇನಮ್ಮಾ?’ ಎಂದು. ‘ಅಭ್ಯಾಸ ಆಗುತ್ತೆ ಬಿಡಿ ಮಾಸ್ಟ್ರೇ’ ಎಂದಿದ್ದಳು ಇವಳು. ಅಭ್ಯಾಸವಾಯಿತು. ಆಗದೆ ಏನು ಮಾಡೀತು?

ಮಾಸ್ಟರು ಕೆಟ್ಟವರೇನಲ್ಲ. ತುಟಿಗಳ ನಡುವೆ ಸದಾ ನಾಲ್ಕಾರು ಗುಂಡುಸೂಜಿ ಕಚ್ಚಿಕೊಂಡಿರುವುದರಿಂದ ಅವರ ಮಾತೆಲ್ಲ ‘ಹುಂ’ನಲ್ಲೇ ಮುಗಿಯುತ್ತಿತ್ತು. ಕೈ ಎತ್ತು ಎನ್ನುವುದಕ್ಕೊಂದು ಹುಂ, ತಿರುಗು ಎನ್ನುವುದಕ್ಕೊಂದು ಹುಂ, ಚುಚ್ಚಿತೇ ಎಂದು ಕೇಳುವುದಕ್ಕೊಂದು ಮೆತ್ತನೆಯ ಹುಂ. ಅವರ ಹೆಂಡತಿಗೆ ಅರ್ಥವಾಗದ ಹುಂಗಳೂ ಅಳತೆಯಕ್ಕನಿಗೆ ಅರ್ಥವಾಗುತ್ತಿದ್ದವು. ಕೆಲಸದಲ್ಲಿ ಅವರು ಎತ್ತಿದ ಕೈ. ತಪ್ಪು ಹೇಳಿದರೆ ಮಾತ್ರ ಸಿಡಿಮಿಡಿ. ಇತ್ತೀಚೆಗೆ ಅಂಗಡಿಯವರು ಆಗಾಗ ‘ತೂಗುಹಾಕಿದ್ರೆ ಬಲಗಡೆ ಭುಜ ಯಾಕೋ ಜಾರುತ್ತೆ’ ಎಂದು ಹೇಳಿ ಕಳಿಸುತ್ತಿದ್ದರು. ಮಾಸ್ಟರು ನೇರವಾಗಿ ಕೆಳಗಿಳಿದು ಹೋಗಿ, ನೆಟ್ಟಗೆ ಇಸ್ತ್ರಿ ಮಾಡಲು ಬರುವುದಿಲ್ಲವೇ ಎಂದು ಇಸ್ತ್ರಿಯವಳನ್ನು ಹಿಗ್ಗಾಮುಗ್ಗಾ ಬೈದು ಬರುತ್ತಿದ್ದರು. ಆ ಹೆಂಗಸು ಅಳುತ್ತ ಇನ್ನೊಮ್ಮೆ ಇಸ್ತ್ರಿ ಎಳೆಯುತ್ತಿದ್ದಳು. ಭುಜ ಮಾತ್ರ ಜಾರುತ್ತಲೇ ಇತ್ತು.

ಅಳತೆಯಕ್ಕನಿಗೆ ಈಗೀಗ ಬೇಕಾಗಿದ್ದದ್ದು ಒಂದೇ ಒಂದು. ಸ್ಟೂಲು. ಕೆಳಗೆ ಕಿಟಕಿಯ ಪಕ್ಕದಲ್ಲಿ ದಾರ ಕತ್ತರಿಸುವವರ ಉದ್ದ ಮೇಜಿದೆ, ಅದರ ಸುತ್ತ ಸ್ಟೂಲುಗಳಿವೆ. ಅಲ್ಲಿ ಹೆಂಗಸರು ಕೂತು ಕೆಲಸ ಮಾಡುತ್ತಾರೆ, ಕೂತೇ ಹರಟುತ್ತಾರೆ, ಗಂಟೆ ಹೊಡೆದಾಗ ಉಣ್ಣುತ್ತಾರೆ. ಅವಳ ಮೀನಖಂಡಗಳಲ್ಲಿ ನರಗಳು ನೀಲಿಗಟ್ಟಿ ಗಂಟುಗಂಟಾಗಿದ್ದವು. ಸಂಜೆ ಮನೆಗೆ ಹೋಗುವಾಗ ಕಾಲುಗಳು ಪದ ಹೇಳುತ್ತಿದ್ದವು. ಡಾಕ್ಟರು, ‘ನಿಂತು ಮಾಡೋ ಕೆಲಸ ಬಿಡಿ, ಇಲ್ಲಾಂದ್ರೆ ಮುಂದೆ ನಿಲ್ಲೋಕೇ ಆಗಲ್ಲ’ ಎಂದಿದ್ದರು. ಅವಳು ಸಾಹುಕಾರರ ಮುಂದೆ ಹೋಗಿ ನಿಂತು (ಅಲ್ಲಿಯೂ ನಿಂತೇ) ಕೇಳಿದಳು. ಸಾಹುಕಾರರು ನಯವಾಗಿಯೇ ಹೇಳಿದರು: ‘ಧಾರಾಳವಾಗಿ ಕೂತ್ಕೊಳ್ಳಮ್ಮಾ. ನಿನ್ನ ಅಳತೆಯೋಳು ಇನ್ನೊಬ್ಬಳು ಸಿಗಲಿ, ಮಾರನೇ ದಿನವೇ ಸ್ಟೂಲು.’

ಅಳತೆಯವಳು ಸಿಗಲೇ ಇಲ್ಲ. ಬಂದವರೆಲ್ಲ ಅವಳಷ್ಟೇ ಎತ್ತರ, ಅವಳಷ್ಟೇ ಸಣ್ಣ, ಸೊಂಟಕ್ಕೆ ಟೇಪು ಹಿಡಿದರೆ ಅವಳದೇ ಸೊಂಟ. ಆದರೆ ಅಂಗಿ ತೊಡಿಸಿದೊಡನೆ ಬಲಗಡೆ ಕುತ್ತಿಗೆಯ ಬುಡದಲ್ಲಿ ಬಟ್ಟೆ ಎದ್ದು ನಿಲ್ಲುತ್ತಿತ್ತು, ಭುಜದ ತುದಿಯಲ್ಲಿ ಬಿಗಿಯುತ್ತಿತ್ತು. ಅದೇ ಅಂಗಿಯನ್ನು ಮಾಸ್ಟರು ಅಳತೆಯಕ್ಕನಿಗೆ ತೊಡಿಸಿದರೆ ಎರಕ ಹೊಯ್ದ ಹಾಗೆ. ಮೂಲೆಯಲ್ಲಿದ್ದ ಹತ್ತಿ ತುಂಬಿದ ಗೊಂಬೆಗೆ ತೊಡಿಸಿದರೂ ಹಾಗೆಯೇ. ಆ ಗೊಂಬೆಯನ್ನೂ ಅವಳ ಮೈಗೆ ತಕ್ಕಂತೆ ಆಗಾಗ ತಿದ್ದುತ್ತಿದ್ದರಲ್ಲ! ‘ಈ ಹುಡುಗಿ ಹೆಗಲು ಸರಿಯಿಲ್ಲ’ ಎಂದು ಮಾಸ್ಟರು ಒಬ್ಬೊಬ್ಬಳನ್ನೇ ಹಿಂದಕ್ಕೆ ಕಳಿಸಿದರು. ‘ಈಗಿನ ಕಾಲದ ಹುಡುಗೀರಿಗೆ ಮೈಕಟ್ಟೇ ಇಲ್ಲ, ಎಲ್ಲಾ ಸೊಟ್ಟಸೊಟ್ಟ’ ಎಂದು ಗೊಣಗಿದರು. ಅಳತೆಯಕ್ಕ ಆ ಮಾತಿಗೆ ಒಳಗೊಳಗೇ ಸ್ವಲ್ಪ ಉಬ್ಬಿದ್ದೂ ಉಂಟು. ಸುಳ್ಳು ಯಾಕೆ ಹೇಳಬೇಕು?

ಮನೆಯಲ್ಲಿ ಉಬ್ಬುವುದಕ್ಕೆ ಅವಕಾಶವಿರಲಿಲ್ಲ. ಎರಡು ಕೋಣೆಯ ಮನೆ, ವಾರಕ್ಕೊಮ್ಮೆ ಮುಖ ತೋರಿಸುವ ಲಾರಿ ಡ್ರೈವರ್ ಗಂಡ, ಗೋಡೆ ಪಕ್ಕದ ಮಂಚದ ಮೇಲೆ ಅತ್ತೆ. ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡು ಎಷ್ಟೋ ವರ್ಷವಾಗಿತ್ತು. ನಾಲಿಗೆ ಮಾತ್ರ ಮುರಿದಿರಲಿಲ್ಲ. ಅಂದಿನಿಂದ ಬೆಳಿಗ್ಗೆ, ಸಂಜೆ ಅತ್ತೆಯ ತೋಳನ್ನು ತನ್ನ ಬಲ ಹೆಗಲ ಮೇಲೆ ಹಾಕಿಕೊಂಡು, ಆಕೆಯ ಇಡೀ ಭಾರವನ್ನು ಹೊತ್ತು, ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಬಾಗಿಲ ಬಳಿಯ ಕುರ್ಚಿಗೆ ಸೊಸೆ ನಡೆಸಬೇಕಿತ್ತು. ಮಂಚ ಗೋಡೆಗೆ ಒತ್ತಿಕೊಂಡಿದ್ದರಿಂದ ಎಡ ಹೆಗಲು ಕೊಡುವುದಕ್ಕೆ ಜಾಗವೇ ಇರಲಿಲ್ಲ.

‘ನರಪೇತಲೀ, ನನ್ನನ್ನೂ ಕೆಡವಿ ನೀನೂ ಬೀಳ್ಬೇಡ’ ಎಂದು ಅತ್ತೆ ಹೆಗಲ ಮೇಲಿಂದಲೇ ಹೇಳುವಳು.

‘ನಾನು ಸ್ಲಿಮ್ ಅತ್ತೇ. ಕಾರ್ಖಾನೆಯಲ್ಲಿ ಬಂದು ಕೇಳಿ.’

‘ಕಾರ್ಖಾನೆಯೋರು ಏನಾದ್ರೂ ಅನ್ಲಿ. ಬಡಕಲು ಅಂದ್ರೆ ಬಡಕಲೇ. ಆ ಮಾತಿನ ಹೊಟ್ಟೇಲೇ ಬಡತನ ಇದೆ, ಇಂಗ್ಲಿಷಲ್ಲಿ ಅಂದ್ಬಿಟ್ರೆ ಹೋಗುತ್ತಾ?’

ಅತ್ತೆಯ ಮಾತು ಚುಚ್ಚುತ್ತಿತ್ತು, ಆದರೂ ಸೊಸೆಗೆ ನಗು ಬರುತ್ತಿತ್ತು. ದಿನವಿಡೀ ಚುಚ್ಚಿಸಿಕೊಳ್ಳುವವಳಿಗೆ ಇದೇನು ಮಹಾ!

ಹೀಗಿರುವಾಗ ಸಾಹುಕಾರರ ತಲೆಗೊಂದು ಹುಳ ಹೊಕ್ಕಿತು. ‘ಸ್ಲಿಮ್’ ಅಂಗಿಗೆ ತೂಗುಹಾಕುವ ಚೀಟಿಯ ಮೇಲೆ ಬರೀ ಬೆಲೆ, ಅಳತೆ ಇದ್ದರೆ ಸಾಲದು. ಆ ಪದ ಎಲ್ಲಿಂದ ಬಂತು, ಅದರ ಹಿಂದಿನ ಕಥೆಯೇನು ಎಂದು ಚಂದವಾಗಿ ನಾಲ್ಕು ಸಾಲು ಅಚ್ಚು ಹಾಕಿಸಬೇಕು, ಈಗ ದೊಡ್ಡ ದೊಡ್ಡ ಕಂಪನಿಗಳೆಲ್ಲ ಹಾಗೇ ಮಾಡುತ್ತವೆ ಎಂದು ಹೊರಟರು. ಕೆಲಸ ಚೀಟಿ ಮೇಡಂ ಅವರ ತಲೆಗೆ ಬಂತು. ಅವರು ಮೊದಲು ಪತ್ರಿಕೆಯೊಂದರಲ್ಲಿ ಅಚ್ಚಿನ ತಪ್ಪು ತಿದ್ದುತ್ತಿದ್ದವರು. ಪತ್ರಿಕೆ ಮುಚ್ಚಿದ ಮೇಲೆ ಇಲ್ಲಿ ಸೇರಿ, ‘ತಣ್ಣೀರಿನಲ್ಲಿ ಒಗೆಯಿರಿ’, ‘ನೆರಳಿನಲ್ಲಿ ಒಣಗಿಸಿ’ ಎಂದು ಬರೆಯುತ್ತ ಕಾಲ ಹಾಕುತ್ತಿದ್ದರು. ಬೇರೆಲ್ಲೂ ಜಾಗವಿಲ್ಲದೆ ಅವರ ಮೇಜನ್ನು ಸ್ಯಾಂಪಲ್ ಕೋಣೆಯ ಮೂಲೆಯಲ್ಲೇ ಹಾಕಿದ್ದರು. ಹಾಗಾಗಿ ನಿಂತವಳೂ ಕೂತವರೂ ಸ್ನೇಹಿತರಾಗಿದ್ದರು. ಬಹಳ ದಿನಗಳಿಂದ ಯಾರೂ ಕೊಡದ ಮರ್ಯಾದೆಯ ಕೆಲಸ ಸಿಕ್ಕಿತೆಂದು ಮೇಡಂ ವಾಚನಾಲಯದಿಂದ ದಿಂಬಿನಷ್ಟು ದಪ್ಪದ ನಿಘಂಟುಗಳನ್ನು ಹೊತ್ತು ತಂದು ಪುಟ ತಿರುವತೊಡಗಿದರು.

ಒಂದು ದಿನ ಊಟದ ಗಂಟೆ ಹೊಡೆದು, ಕೆಳಗೆ ಡಬ್ಬಿಗಳ ಸದ್ದು ಶುರುವಾಗಿತ್ತು. ಮಾಸ್ಟರು ಅಳತೆಯಕ್ಕನ ಸೊಂಟದ ಹತ್ತಿರ ಕೂತು ಅಂಚು ಮಡಿಸುತ್ತಿದ್ದರು. ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

‘ಅಕ್ಕಾ, ನಿಮ್ಮ ಸ್ಲಿಮ್ಮಿನ ಮೂಲ ಸಿಕ್ತು. ಯಾಕಾದ್ರೂ ಹುಡುಕಿದ್ನೋ ಅನ್ನಿಸ್ತಿದೆ.’

‘ಯಾಕೆ ಮೇಡಂ, ಏನಂತೆ?’

‘ಅದು ಇಂಗ್ಲಿಷಿನವರ ಸ್ವಂತ ಮಾತೇ ಅಲ್ಲ. ಮುನ್ನೂರು ವರ್ಷಕ್ಕೂ ಹಿಂದೆ ಡಚ್ಚರ ಕಡೆಯಿಂದ ಬಂದಿದ್ದು. ಅಲ್ಲಿ ಮೊದಮೊದಲು ಅದಕ್ಕೆ ತೆಳ್ಳಗೆ ಅನ್ನೋ ಅರ್ಥನೇ ಇರ್ಲಿಲ್ಲ. ಓರೆ, ಸೊಟ್ಟ, ಒಂದು ಕಡೆ ವಾಲಿರೋದು, ಹಾಗೆ.’

‘ಸೊಟ್ಟನಾ?’

‘ಸೊಟ್ಟನೇ. ಸೊಟ್ಟಗಿದ್ದಿದ್ದು ಕೆಟ್ಟದ್ದು ಅಂತಾಯ್ತು. ಜರ್ಮನ್ನರಲ್ಲಿ ಅದರ ದಾಯಾದಿ ಪದ ಒಂದಿದೆ, ಈಗಲೂ ಕೆಟ್ಟದ್ದು ಅಂತಲೇ ಅರ್ಥ. ಡಚ್ಚರಲ್ಲಿ ಸೊಟ್ಟ ಬುದ್ಧಿಯೋನು ಅಂತಿದ್ದದ್ದು ಚಾಲಾಕಿ ಅಂತಾಗಿ, ಈಗ ಜಾಣನಿಗೆ ಹೇಳ್ತಾರಂತೆ. ಇಂಗ್ಲಿಷಿಗೆ ಬಂದದ್ದು ಅಷ್ಟಕ್ಕಷ್ಟೇ ಇರೋದು, ಸಣ್ಣಗಿರೋದು ಅಂತ ಆಯ್ತು. ಕೊನೆಗೆ ನೋಡಿ, ನಾವೆಲ್ಲ ಅದನ್ನ ಹೊಗಳಿಕೆ ಮಾಡ್ಕೊಂಡು ಕೂತಿದ್ದೀವಿ.’

‘ಸೊಟ್ಟದ್ದು ಹೋಗಿ ಚಂದದ್ದಾಗೋ ತನಕ ಒಬ್ಬರಿಗೂ ಗೊತ್ತಾಗ್ಲಿಲ್ವಾ ಮೇಡಂ?’

‘ಹೇಗೆ ಗೊತ್ತಾಗುತ್ತೆ? ಒಂದೇ ಸಲ ಬದಲಾಗಿದ್ರೆ ಯಾರಾದ್ರೂ ಕೇಳ್ತಿದ್ರು. ಇದು ಕೂದಲೆಳೆಯಷ್ಟು ಜಾರುತ್ತೆ. ಅಮ್ಮ ಆಡಿದ ಮಾತಿಗೂ ಮಗಳಾಡಿದ ಮಾತಿಗೂ ವ್ಯತ್ಯಾಸ ಕಾಣಲ್ಲ. ಮೊದಲನೇದನ್ನೂ ಕೊನೇದನ್ನೂ ಪಕ್ಕದಲ್ಲಿಟ್ಟು ನೋಡಿದಾಗಲೇ ಎದೆ ಧಸಕ್ಕನ್ನೋದು.’

ಮಾಸ್ಟರು ಸೂಜಿಗಳ ಸಂದಿಯಿಂದ ‘ಹುಂ’ ಎಂದರು. ಕೆಲಸವಿಲ್ಲದವರ ಮಾತು ಎಂಬ ಹುಂ ಅದು.

ಅದೇ ಮಧ್ಯಾಹ್ನ ಇನ್ನೊಬ್ಬಳು ಹುಡುಗಿ ಅಳತೆ ಕೊಡಲು ಬಂದಳು. ಕುತ್ತಿಗೆ ನೆಟ್ಟಗಿಟ್ಟುಕೊಂಡು ನಡೆಯುವ, ಕಣ್ಣಲ್ಲಿ ಪುಕುಪುಕು ಹೆದರಿಕೆ ತುಂಬಿಕೊಂಡ ಹುಡುಗಿ. ಅಂಗಿ ತೊಟ್ಟಳು. ಬಲಗಡೆ ಕುತ್ತಿಗೆಯ ಬುಡದಲ್ಲಿ ಬಟ್ಟೆ ಎದ್ದು ನಿಂತಿತು. ಮಾಸ್ಟರು ಬಾಯಿಯಿಂದ ಸೂಜಿ ತೆಗೆದು, ‘ಇವಳ ಹೆಗಲೂ ಸೊಟ್ಟ’ ಎಂದರು. ಹುಡುಗಿಯ ಮುಖ ಸಣ್ಣಗಾಯಿತು. ಅಳತೆಯಕ್ಕ ಅವಳಿಗೆ ಧೈರ್ಯ ಹೇಳಲೆಂದು ಪಕ್ಕಕ್ಕೆ ಹೋಗಿ ನಿಂತಳು, ಹಾಗೇ ಎದುರಿನ ಆಳೆತ್ತರದ ಕನ್ನಡಿಯತ್ತ ನೋಡಿದಳು.

ಕನ್ನಡಿಯಲ್ಲಿ ಇಬ್ಬರ ಹಿಂದೆಯೂ ಕಿಟಕಿಯಿತ್ತು, ಕಿಟಕಿಗೆ ಅಡ್ಡಲಾಗಿ ಒಂದು ಕಬ್ಬಿಣದ ಪಟ್ಟಿಯಿತ್ತು. ಹುಡುಗಿಯ ಎರಡು ಹೆಗಲೂ ಆ ಪಟ್ಟಿಗೆ ಸರಿಸಮ. ಅಳತೆಯಕ್ಕನ ಎಡ ಹೆಗಲು ಪಟ್ಟಿಯ ಮೇಲಿತ್ತು, ಬಲ ಹೆಗಲು ಪಟ್ಟಿಯ ಕೆಳಗಿತ್ತು. ಅವಳು ನೆಟ್ಟಗೆ ನಿಂತು ನೋಡಿದಳು. ಬಲ ಹೆಗಲನ್ನು ಎತ್ತಲು ನೋಡಿದಳು. ಅದು ಏಳಲಿಲ್ಲ. ಎಷ್ಟೋ ವರ್ಷ ದಿನಾ ನೋಡಿದ್ದ ಕನ್ನಡಿ ಅದು. ಆದರೆ ಅವಳು ಯಾವತ್ತೂ ಅಂಗಿಯನ್ನು ನೋಡಿದ್ದಳೇ ಹೊರತು ತನ್ನನ್ನು ನೋಡಿಕೊಂಡಿರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬಳನ್ನು ನಿಲ್ಲಿಸಿಕೊಂಡಂತೂ ಇಲ್ಲವೇ ಇಲ್ಲ. ಮೇಡಂ ಹೇಳಿದ ಹಾಗೆಯೇ ಅವಳ ಎದೆ ಧಸಕ್ಕೆಂದಿತು. ಸೊಟ್ಟಗಿದ್ದದ್ದು ತಾನು. ಅಂಗಿ ತನ್ನ ಜೊತೆಯಲ್ಲೇ ಸೊಟ್ಟಗಾಗುತ್ತ ಬಂದಿತ್ತು.

‘ನಾಳೆ ಇನ್ನೊಂದು ಸಲ ಬಾ, ಬೇರೆ ಬಟ್ಟೇಲಿ ನೋಡೋಣ’ ಎಂದು ಮಾಸ್ಟರು ಹುಡುಗಿಯನ್ನು ಕಳಿಸಿದರು. ಅದು ಬೇಡವೆಂದು ಹೇಳುವ ಅವರ ನಯದ ರೀತಿ. ಅಳತೆಯಕ್ಕ ಬಾಯಿ ಬಿಡಲಿಲ್ಲ. ಬಿಟ್ಟರೆ ಏನಾದೀತು ಎಂದು ಅವಳಿಗೆ ಗೊತ್ತಿತ್ತು. ಹುಡುಗಿ ಸರಿಯಿದ್ದಾಳೆ ಎಂದರೆ ಸ್ಟೂಲು ಸಿಗಬಹುದು. ಇಲ್ಲವೇ, ಇಷ್ಟು ವರ್ಷದ ಮಾಲು ಹಾಳು ಮಾಡಿದವಳು ನೀನೇ, ನಡಿ ಮನೆಗೆ ಎಂದರೂ ಎಂದಾರು. ಮಾಸ್ಟರ ಮಾನವೂ ಅದರ ಜೊತೆಗೇ ಹೋಗುತ್ತದೆ. ಸುಮ್ಮನಿದ್ದರೆ ಯಾರಿಗೂ ಏನೂ ಗೊತ್ತಾಗದು, ಆದರೆ ತಾನು ಬೀಳುವ ತನಕ ಅಲ್ಲೇ ನಿಂತಿರಬೇಕು. ಎಷ್ಟು ಹುಡುಗಿಯರು ಬಂದರೂ ಸೊಟ್ಟಗಾಗಿಯೇ ಹಿಂದಿರುಗುತ್ತಾರೆ. ಅಡಕತ್ತರಿಯಲ್ಲಿ ಸಿಕ್ಕ ಹಾಗಾಯಿತು ಅವಳಿಗೆ.

ಸಂಜೆ ಮನೆಗೆ ಬಂದು, ಅತ್ತೆಯನ್ನು ಬಾಗಿಲ ಬಳಿಯ ಕುರ್ಚಿಗೆ ದಾಟಿಸಿ, ತಾನು ಹೊಸ್ತಿಲ ಮೇಲೆ ಕೂತು ಕಾಲು ನೀವಿಕೊಳ್ಳುತ್ತ ಎಲ್ಲವನ್ನೂ ಹೇಳಿದಳು. ಡಚ್ಚರು, ಜರ್ಮನ್ನರು, ಕಿಟಕಿಯ ಪಟ್ಟಿ, ಏನೂ ಬಿಡಲಿಲ್ಲ. ಅತ್ತೆ ‘ನರಪೇತಲಿ’ ಎನ್ನಲಿಲ್ಲ. ‘ಎಲ್ಲಿ, ತಿರುಗು’ ಎಂದಳು. ಸೊಸೆಯ ಬೆನ್ನ ಮೇಲೆ ಎರಡೂ ಅಂಗೈಯಿಟ್ಟು, ಎಡ ಹೆಗಲು ಮುಟ್ಟಿ, ಬಲ ಹೆಗಲು ಮುಟ್ಟಿ, ಬಲ ಹೆಗಲ ಮೇಲೆ ಕೈಯನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟಿದ್ದಳು. ಆ ಕೈಗೆ ಆ ಹೆಗಲು ಚೆನ್ನಾಗಿ ಪರಿಚಯವಿತ್ತು.

‘ಇದು ನನ್ನ ಭಾರ’ ಎಂದಳು.

‘ಹಾಗೇನಿಲ್ಲ ಅತ್ತೇ.’

‘ಸುಮ್ನಿರೇ. ನನಗೆ ಗೊತ್ತಾಗಲ್ವಾ?’ ಅತ್ತೆ ಹೆಗಲಿಂದ ಕೈ ತೆಗೆದಳು. ‘ನಿನ್ನ ಮಾಸ್ಟ್ರಿಗೆ ಹೇಳು. ಹೆದರ್ಬೇಡ. ಅವರು ಏನಾದ್ರೂ ಅಂದ್ರೆ, ನಮ್ಮತ್ತೆ ಬಂದು ಉತ್ತರ ಕೊಡ್ತಾಳಂತೆ ಅನ್ನು. ಎತ್ಕೊಂಡು ಬರೋಕೆ ನೀನೇ ಬೇಕು, ಅದೊಂದು ತೊಂದರೆ.’

ಇಬ್ಬರೂ ನಕ್ಕರು. ನಗುವಾಗಲೇ ಅಳತೆಯಕ್ಕನ ಕಣ್ಣಲ್ಲಿ ನೀರು ಬಂತು. ದುಃಖಕ್ಕಿಂತ ಹೆಚ್ಚಾಗಿ ದಣಿವು ಅದು. ವರ್ಷಗಟ್ಟಲೆ ಬಿಗಿಹಿಡಿದ ಉಸಿರನ್ನು ಒಂದು ಕಡೆ ಬಿಟ್ಟುಬಿಡಬೇಕೆನ್ನುವ ದಣಿವು.

ಬೆಳಿಗ್ಗೆ ಅವಳು ಎಂದಿನಂತೆ ಮಂಚದ ಬಳಿ ಬಾಗಿ ಬಲ ಹೆಗಲು ಕೊಟ್ಟಳು. ಅತ್ತೆ ತೋಳು ಹಾಕಲಿಲ್ಲ.

‘ಮಂಚ ಈಚೆಗೆ ಎಳಿ. ಇವತ್ತಿಂದ ಆ ಕಡೆ ಹೆಗಲು.’

‘ಯಾಕತ್ತೇ, ಅಭ್ಯಾಸ ಆಗೋಗಿದೆ.’

‘ಆ ಕಡೆನೂ ಅಷ್ಟೇ ಇಳೀಲಿ ಕಣೇ. ಆಮೇಲೆ ಎರಡೂ ಸಮ ಆಗುತ್ತೆ.’

ಮಂಚವನ್ನು ಗೋಡೆಯಿಂದ ಈಚೆಗೆ ಎಳೆದಾಗ ಅದರ ಹಿಂದೆ ವರ್ಷಗಳ ಕಸ, ಒಂದು ಬಾಚಣಿಗೆ, ಕಳೆದುಹೋಯಿತೆಂದು ಎಲ್ಲರೂ ಮರೆತಿದ್ದ ಚಮಚ ಸಿಕ್ಕವು. ಇಷ್ಟು ಸುಲಭವಾಗಿ ಎಳೆಯಬಹುದಾಗಿದ್ದ ಮಂಚವನ್ನು ಇಷ್ಟು ದಿನ ಯಾರೂ ಎಳೆದಿರಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಕಾರ್ಖಾನೆಯಲ್ಲಿ ನಿನ್ನೆಯ ಹುಡುಗಿ ಆಗಲೇ ಬಂದು ಮೆಟ್ಟಿಲ ಮೇಲೆ ಕಾಯುತ್ತಿದ್ದಳು. ಬೇರೆ ಬಟ್ಟೆಯ ಅಂಗಿ ತೊಡಿಸಿದರು. ಅದೂ ಬಲಗಡೆ ಎದ್ದು ನಿಂತಿತು. ಮಾಸ್ಟರು ತಲೆ ಅಲ್ಲಾಡಿಸಲು ಶುರುಮಾಡುವಷ್ಟರಲ್ಲಿ ಅಳತೆಯಕ್ಕ ಜೀವ ಹಿಡಿ ಮಾಡಿಕೊಂಡು ಹೇಳಿದಳು.

‘ಮಾಸ್ಟ್ರೇ, ಹುಡುಗಿ ಹೆಗಲು ಸರಿಯಾಗಿದೆ. ಸೊಟ್ಟಗಿರೋದು ನಂದು.’

‘ಹುಂ?’ ಈ ಬಗೆಯ ಹುಂ ಅವಳು ಹಿಂದೆಂದೂ ಕೇಳಿರಲಿಲ್ಲ.

‘ನಾವಿಬ್ರೂ ಪಕ್ಕಪಕ್ಕ ನಿಲ್ತೀವಿ. ನೀವೇ ನೋಡಿ.’

ಮಾಸ್ಟರು ನೋಡಿದರು. ಉದ್ದ ಅಡಿಕೋಲು ತಂದು ಹುಡುಗಿಯ ಹೆಗಲುಗಳ ಮೇಲಿಟ್ಟರು, ಅದು ಸಮನಾಗಿ ನಿಂತಿತು. ಅಳತೆಯಕ್ಕನ ಹೆಗಲುಗಳ ಮೇಲಿಟ್ಟರು, ಬಲಕ್ಕೆ ವಾಲಿತು. ಅವರು ಸೂಜಿಗಳನ್ನು ಬಾಯಿಂದ ತೆಗೆದರು. ಗೋಡೆಯ ಮೊಳೆಯ ಬಳಿಗೆ ಹೋದರು. ಅಲ್ಲಿ ಬಟ್ಟೆಯ ಮೇಲಿಟ್ಟು ಕತ್ತರಿಸುವ ‘ಸ್ಲಿಮ್’ ಅಂಗಿಯ ರಟ್ಟಿನ ಪ್ಯಾಟರ್ನುಗಳನ್ನು ಒಂದರ ಮೇಲೊಂದು ತೂಗುಹಾಕಿದ್ದರು. ಪ್ರತಿ ಸಲ ಹೊಸ ಪ್ಯಾಟರ್ನು ಮಾಡುವಾಗ ಹಿಂದಿನದರಿಂದ ಹೊಲಿದ ಅಂಗಿಯನ್ನೇ ಅಳತೆಯಕ್ಕನಿಗೆ ತೊಡಿಸಿ, ಸುಕ್ಕು ಕಂಡಲ್ಲಿ ಒಂದೆಳೆ ತಿದ್ದಿ, ಹೊಸ ರಟ್ಟು ಕತ್ತರಿಸಿ, ಹಳೆಯದರ ಮೇಲೆ ಹಾಕುವುದು ಅವರ ಪದ್ಧತಿ. ಮಾಸ್ಟರು ಎಲ್ಲವನ್ನೂ ಇಳಿಸಿ, ಗೋಡೆಗೆ ಅಂಟಿಕೊಂಡಿದ್ದ ಎಲ್ಲಕ್ಕಿಂತ ಹಳೆಯ ರಟ್ಟನ್ನೂ ಈಗಿನ ರಟ್ಟನ್ನೂ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟರು. ಬಲ ಹೆಗಲ ಬಳಿ ಒಂದು ಬೆರಳು ವ್ಯತ್ಯಾಸ.

ಆಗಷ್ಟೇ ಒಳಗೆ ಬಂದಿದ್ದ ಚೀಟಿ ಮೇಡಂ ಚೀಲವನ್ನೂ ಇಳಿಸದೆ ಹತ್ತಿರ ಬಂದು ನೋಡಿದರು. ಅವರು ತಮ್ಮ ಹೆಗಲಿನ ಚೀಲವನ್ನು ಬಲದಿಂದ ಎಡಕ್ಕೆ ಬದಲಾಯಿಸಿದ್ದನ್ನು ಅಳತೆಯಕ್ಕ ಒಬ್ಬಳೇ ಗಮನಿಸಿದಳು.

‘ನಾನು ಸರಿ ಮಾಡ್ತಿದ್ದೀನಿ ಅಂದ್ಕೊಂಡಿದ್ದೆ’ ಎಂದರು ಮಾಸ್ಟರು ಕೊನೆಗೆ. ‘ಪ್ರತಿ ಸಲ ಸುಕ್ಕು ತೆಗೆದೆ. ಸುಕ್ಕು ಹೋಯ್ತಲ್ಲ ಅಂತ ಖುಷಿಪಟ್ಟೆ. ಯಾಕೆ ಬಿತ್ತು ಅಂತ ಒಂದು ಸಲ ಕೇಳ್ಲಿಲ್ಲ ನಿನ್ನ.’ ಅಡಿಕೋಲು ಕೆಳಗಿಟ್ಟು, ‘ಆ ಇಸ್ತ್ರಿಯೋಳಿಗೆ ಏನು ಹೇಳ್ಲಿ ಈಗ?’ ಎಂದರು. ಅವರು ಅಷ್ಟು ಉದ್ದ ಮಾತಾಡಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ. ಅಳತೆಯಕ್ಕನಿಗೆ ಅವರ ಮೇಲೆ ಕೋಪ ಬರಬೇಕಿತ್ತು, ಬಂತು ಕೂಡ. ಆದರೆ ಅವರ ಬೋಳು ತಲೆ ರಟ್ಟುಗಳ ಮೇಲೆ ಬಾಗಿದ್ದನ್ನು ಕಂಡು ಅದು ಹೆಚ್ಚು ಹೊತ್ತು ನಿಲ್ಲಲಿಲ್ಲ.

ಸಾಹುಕಾರರು ಅವಳು ಹೆದರಿದಷ್ಟು ಹಾರಾಡಲಿಲ್ಲ. ‘ಇಷ್ಟು ದಿನ ಮಾಲು ಮಾರಿಹೋಯ್ತು ತಾನೇ? ಗುಲ್ಲು ಮಾಡ್ಬೇಡಿ. ಹಳೇ ರಟ್ಟಿಗೆ ವಾಪಸ್ ಹೋಗಿ, ಹೊಸ ಹುಡುಗೀನ ಇಟ್ಕೊಳ್ಳಿ’ ಎಂದರು. ಚೀಟಿಯ ಮಾತು ಬಂದಾಗ ಮೇಡಂ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟಿದ್ದರು: ಸೊಟ್ಟ, ಕೆಟ್ಟ, ಸತ್ವವಿಲ್ಲದ್ದು, ಆಮೇಲೆ ತೆಳ್ಳನೆಯದು. ಸಾಹುಕಾರರು ಓದಿ ಹುಬ್ಬು ಗಂಟಿಕ್ಕಿದರು. ‘ಮೇಡಂ, ಅಂಗಿ ಕೊಳ್ಳೋರು ಅದರ ಅಜ್ಜಿ ಯಾರು ಅಂತ ಕೇಳ್ತಾರಾ? ಬಳ್ಳಿ, ಗಾಳಿ, ಬಳುಕೋದು, ಹಾಗೆ ಏನಾದ್ರೂ ಬರೀರಿ.’ ಮೇಡಂ ಬಳ್ಳಿ, ಗಾಳಿ ಬರೆದುಕೊಟ್ಟು, ನಿಘಂಟುಗಳನ್ನು ವಾಚನಾಲಯಕ್ಕೆ ಹೊತ್ತುಕೊಂಡು ಹೋಗಿ ಕೊಟ್ಟು ಬಂದರು. ಮಾರನೇ ದಿನದಿಂದ ಮತ್ತೆ ‘ತಣ್ಣೀರಿನಲ್ಲಿ ಒಗೆಯಿರಿ’.

ಅಳತೆಯಕ್ಕನಿಗೆ ಸ್ಟೂಲು ಸಿಕ್ಕಿತು. ದಾರ ಕತ್ತರಿಸುವ ಮೇಜಿನ ಕಿಟಕಿ ಪಕ್ಕದ ಸ್ಟೂಲೇ. ಒಂದು ಕಾಲು ಗಿಡ್ಡವಾಗಿದ್ದ ಅದು ಕೂತಾಗ ಸ್ವಲ್ಪ ಬಲಕ್ಕೆ ವಾಲುತ್ತಿತ್ತು. ‘ನನಗೇ ಅಂತ ಮಾಡಿಸಿದ ಹಾಗಿದೆ’ ಎಂದಳು, ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಮೊದಲ ದಿನ ಅವಳ ಕೈ ತನ್ನಷ್ಟಕ್ಕೆ ಪಕ್ಕಕ್ಕೆ ಚಾಚಿಕೊಳ್ಳಲು ಹೋಗಿ ಪಕ್ಕದವಳ ಮೂಗಿಗೆ ತಗುಲಿತು. ಅದಕ್ಕೂ ನಕ್ಕರು. ನೀಲಿ ನರಗಳು ಮೇಜಿನ ಕೆಳಗೆ ತಣ್ಣಗೆ ಮಲಗಿದ್ದವು.

ಊಟದ ಗಂಟೆ ಹೊಡೆಯಿತು. ಎಲ್ಲರ ಜೊತೆ ಅವಳೂ ಡಬ್ಬಿ ಬಿಚ್ಚಿದಳು. ಇಷ್ಟು ವರ್ಷ ಕಾದ ಹೊತ್ತು ಅದು. ತುತ್ತು ಎತ್ತಿ ಬಾಯಿಗಿಟ್ಟರೆ ಒಳಗೆ ಹೋಗುತ್ತಿಲ್ಲ! ಹಸಿವೇ ಇರಲಿಲ್ಲ. ಹೊಟ್ಟೆಗೆ ಈ ಗಂಟೆಯ ಗುರುತೇ ಇರಲಿಲ್ಲ. ಅದು ಎಂದಿನಂತೆ ಎಲ್ಲರೂ ಲೋಟ ತೊಳೆಯುವ ಹೊತ್ತಿಗೇ ಕಾಯುತ್ತ ಕೂತಿತ್ತು. ಅವಳು ಡಬ್ಬಿಯನ್ನೇ ನೋಡುತ್ತ ಕೂತಳು. ಎಷ್ಟು ದೂರ ಎಳೆದುಕೊಂಡು ಹೋಗಿದ್ದರು ತನ್ನನ್ನು, ತನ್ನ ಹಸಿವಿನಿಂದಲೇ! ಆಗ ನೆತ್ತಿಯ ಮೇಲೆ, ಮಹಡಿಯ ಹಲಗೆಯ ಮೇಲೆ, ಯಾರೋ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದ ಸದ್ದು ಕೇಳಿಸಿತು. ಆ ಸದ್ದು ಏನೆಂದು ಕೆಳಗಿದ್ದವರಲ್ಲಿ ಅವಳೊಬ್ಬಳಿಗೇ ಗೊತ್ತಿತ್ತು.

ಅವಳು ಡಬ್ಬಿ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಸ್ಯಾಂಪಲ್ ಕೋಣೆಯಲ್ಲಿ ಹುಡುಗಿ ಕೈ ಚಾಚಿ ನಿಂತಿದ್ದಳು, ಮಾಸ್ಟರು ಸೊಂಟದ ಬಳಿ ಸೂಜಿ ಹಾಕುತ್ತಿದ್ದರು. ಅಂಗಿ ಈಗ ಎರಡೂ ಕಡೆ ನೆಟ್ಟಗೆ, ಚಂದವಾಗಿ ಕೂತಿತ್ತು. ಅಳತೆಯಕ್ಕ ಡಬ್ಬಿಯನ್ನು ಹುಡುಗಿಯ ಎದುರಿಗೆ ಹಿಡಿದಳು.

‘ತಗೊಳ್ಳಮ್ಮ. ಉಣ್ಣು.’

‘ಹುಂ!’ ಎಂದರು ಮಾಸ್ಟರು. ಹೊಟ್ಟೆ ಮುಂದೆ ಬರುತ್ತದೆ ಎಂಬ ಹುಂ.

‘ಬರಲಿ ಮಾಸ್ಟ್ರೇ. ಈ ಅಂಗಿ ಕೊಂಡ್ಕೊಳ್ಳೋರು ಉಂಡ ಮೇಲೂ ಹಾಕ್ಕೋತಾರೆ ತಾನೇ?’

ಮಾಸ್ಟರು ಸೂಜಿ ಕಚ್ಚಿಕೊಂಡೇ ಅವಳನ್ನು ನೋಡಿದರು. ಹುಡುಗಿ ಗಾಬರಿಯಿಂದ ಒಮ್ಮೆ ಅವರನ್ನು, ಒಮ್ಮೆ ಡಬ್ಬಿಯನ್ನು ನೋಡಿ, ನಗಲು ಪ್ರಯತ್ನಿಸಿದಳು.

‘ಬೇಡ ಅಕ್ಕಾ, ಪರವಾಗಿಲ್ಲ. ಅಭ್ಯಾಸ ಆಗುತ್ತೆ.’

ಅಳತೆಯಕ್ಕನಿಗೆ ಆ ಮಾತು ಸೂಜಿಗಿಂತ ಆಳಕ್ಕೆ ಇಳಿಯಿತು. ‘ಆಗುತ್ತೆ ಕಣಮ್ಮ’ ಎಂದಳು. ‘ಆಗಿಬಿಡುತ್ತೆ. ಅದಕ್ಕೇ ಹೇಳ್ತಿರೋದು, ಉಣ್ಣು.’

ಹುಡುಗಿ ಮೆಲ್ಲಗೆ ಕೈ ಇಳಿಸಿದಳು. ಕೂತರೆ ಸುಕ್ಕು ಬೀಳುತ್ತದೆಂದು ಹೆದರಿ ನಿಂತೇ ಒಂದು ತುತ್ತು ತಿಂದಳು, ಆಮೇಲೆ ಇನ್ನೊಂದು. ಅಳತೆಯಕ್ಕ ಖಾಲಿಯಿದ್ದ ಚೀಟಿ ಮೇಡಂ ಅವರ ಕುರ್ಚಿಯನ್ನು ಎಳೆದು ತಂದು ಅವಳ ಹಿಂದೆ ಇಟ್ಟಳು. ಹುಡುಗಿ ಕೂತಳು. ಅಂಗಿ ಸೊಂಟದ ಬಳಿ ಬಿಗಿದು, ಒಂದೊಂದು ತುತ್ತಿಗೂ ಹೊಲಿಗೆ ಎಳೆಯತೊಡಗಿತು.

ಮಾಸ್ಟರು ಅದನ್ನು ನೋಡಿದರು. ಆಮೇಲೆ ಹುಡುಗಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಚಿಕ್ಕ ಕತ್ತರಿಯಿಂದ ಪಕ್ಕದ ಹೊಲಿಗೆ ಬಿಚ್ಚಿ, ಒಂದು ಬೆರಳು ಬಟ್ಟೆ ಬಿಟ್ಟು, ಮತ್ತೆ ಸೂಜಿ ಹಾಕಿದರು.